ಇಳಿಸದೆ ಮೇಲೇರಿಸಿದ ಪೈಲಟ್ ಮೇಲೆ ತಪ್ಪು ಹೊರಿಸಬೇಡಿ

ಇಂದ:
ನಿಮ್ಮ ಪ್ರಯಾಣಿಕರೊಬ್ಬರು, ಮಡಿಕೇರಿ, ಕೊಡಗು

ಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮುಂಬೈ–ಮಂಗಳೂರು ವಿಮಾನ ಬೆಂಗಳೂರಿಗೆ ಹೋದಾಗ ನಿಮ್ಮ ಸಿಬ್ಬಂದಿ ನಡೆದುಕೊಂಡ ರೀತಿ

ಮಾನ್ಯರೇ,

ಕಳೆದ ಶನಿವಾರ ಸಂಜೆ ನಮ್ಮ ಅವ್ವನ ಜೊತೆ ನಿಮ್ಮ ವಿಮಾನದಲ್ಲಿದ್ದೆ. ಮಂಗಳೂರಿನಲ್ಲಿ ಜೋರು ಮಳೆ. ಚಕ್ರ ಇಳಿಸಿದ ಸದ್ದು ಕೇಳಿತು. ಕಿಟಕಿಯ ಮೇಲೆ ನೀರು ಅಡ್ಡಡ್ಡ ಹರಿಯುತ್ತಿತ್ತು. ಕೆಳಗೆ ಒಂದೆರಡು ದೀಪ ಕಂಡವು, ಅಷ್ಟರಲ್ಲೇ ಎಂಜಿನ್ ಸದ್ದು ಏರಿತು, ವಿಮಾನ ಮೂತಿ ಎತ್ತಿ ಮತ್ತೆ ಮೋಡದೊಳಗೆ ನುಗ್ಗಿತು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೆ ಬೆಂಗಳೂರಿನಲ್ಲಿ ಇಳಿದೆವು.

ಪೈಲಟ್ ಮಾಡಿದ್ದು ಸರಿಯಾಗಿಯೇ ಇತ್ತು. ಆಮೇಲೆ ನಡೆದದ್ದಕ್ಕೆ ಈ ದೂರು.

ಬೆಂಗಳೂರಿನ ನಿಮ್ಮ ಕೌಂಟರಿನಲ್ಲಿ ಜನ ಕೂಗಾಡುತ್ತಿದ್ದರು. ಅವರಿಗೆ ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರ: "ಕ್ಯಾಪ್ಟನ್ ಇಳಿಸಲಿಲ್ಲ ಮೇಡಂ, ನಾವೇನ್ ಮಾಡೋಣ? ಬೇರೆಯವರು ಇಳಿಸಿದ್ದಾರಲ್ಲ." ಈ ಮಾತು ಕೇಳಿ ಜನ ಪೈಲಟನ್ನೇ ಬೈಯಲು ಶುರು ಮಾಡಿದರು. ಒಬ್ಬರಂತೂ ಅವರ ಹೆಸರು ಕೊಡಿ, ಕಂಪ್ಲೇಂಟ್ ಕೊಡುತ್ತೇನೆ ಎಂದರು. ಸಿಬ್ಬಂದಿ ಸುಮ್ನೆ ನಿಂತಿದ್ದರು. ಮರುದಿನ ನೀವು ಕಳಿಸಿದ ಮೆಸೇಜಿನಲ್ಲೂ ಮಳೆಯ ಸುದ್ದಿಯೇ ಇಲ್ಲ. ವಿಮಾನ ಸಮಯಕ್ಕೆ ತಲುಪಿತೇ, ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಮಾತ್ರ ಕೇಳಿದ್ದೀರಿ.

ಸಮಯಕ್ಕೆ ತಲುಪಲೇಬೇಕು ಎಂಬ ಹಟ ಏನು ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕಾ? 2020ರ ಆಗಸ್ಟ್ 7ರಂದು ಕಲ್ಲಿಕೋಟೆಯ ಕರಿಪುರದಲ್ಲಿ ಸುರಿಯುವ ಮಳೆಯಲ್ಲಿ, ಹಿಂದಿನಿಂದ ಗಾಳಿ ತಳ್ಳುತ್ತಿದ್ದಾಗ ವಿಮಾನ ಇಳಿಯಿತು. 8,858 ಅಡಿ ರನ್‌ವೇಯಲ್ಲಿ ಸುಮಾರು ಅರ್ಧ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಒದ್ದೆ ರನ್‌ವೇಯಲ್ಲಿ ಬ್ರೇಕ್ ಹಿಡಿಯುವುದು ಕಡಿಮೆ, ನಿಲ್ಲಲು ಜಾಸ್ತಿ ದೂರ ಬೇಕು. ಆ ದೂರ ಉಳಿದಿರಲಿಲ್ಲ. ವಿಮಾನ ಗುಡ್ಡದ ಅಂಚಿನಿಂದ ಕೆಳಗೆ ಬಿತ್ತು, 21 ಜನ ಹೋದರು. ಮರುದಿನ ಬೆಳಗಿನ ವಿಮಾನ ಓಡಿಸಲು ಅಲ್ಲೇ ಇಳಿಯಬೇಕು ಎಂಬ ಯೋಚನೆ ಕ್ಯಾಪ್ಟನ್ನರಿಗಿತ್ತು, ಅಲ್ಲಿ ಬೇಕಾದಷ್ಟು ಕ್ಯಾಪ್ಟನ್ನರನ್ನೇ ಇಟ್ಟಿರಲಿಲ್ಲ ಎಂದು ತನಿಖಾ ವರದಿಯೇ ಹೇಳಿದೆ.

ಮಂಗಳೂರಿನದೂ ಗುಡ್ಡದ ಮೇಲಿನ ರನ್‌ವೇ, 2,450 ಮೀಟರ್, ಅಂದರೆ ಸುಮಾರು 8,000 ಅಡಿ. 2010ರ ಮೇ 22ರಂದು ಅಲ್ಲಿ ಮಳೆಯೂ ಇರಲಿಲ್ಲ. ಇಳಿಯುವುದು ಬೇಡ, ಮೇಲೇರಿಸಿ ಎಂದು ಸಹ ಪೈಲಟ್ ಮೂರು ಸಲ ಹೇಳಿದರೂ ವಿಮಾನ ಇಳಿಯಿತು. 158 ಜನ ಸತ್ತರು. ಈ ಭಾಗದವರಿಗೆ ಆ ದಿನ ಮರೆತಿಲ್ಲ.

ಮಂಜು ಕವಿದಾಗ ಸಂಪಾಜೆ ಘಾಟಿಯಲ್ಲಿ ಬಸ್ ಬದಿಗೆ ಹಾಕಿದ ಡ್ರೈವರನ್ನು ಇಲ್ಲಿ ಯಾರೂ ಬೈಯುವುದಿಲ್ಲ. ಪೈಲಟ್‌ಗೂ ಆ ಮರ್ಯಾದೆ ಸಲ್ಲಬೇಕು ಅಲ್ವಾ? ಇವತ್ತು ಬೈಸಿಕೊಂಡವರು ನಾಳೆ ಅಂಥದೇ ಮಳೆಯಲ್ಲಿ ಮೇಲೇರಿಸಲು ಒಂದು ಕ್ಷಣ ಹಿಂದೆ ಮುಂದೆ ನೋಡಿದರೆ? ನನಗೆ ಭಯ ಅದರದ್ದೇ.

ಇನ್ನು ಬಸ್ಸಿನ ವಿಚಾರ. ಕೊಡಗಿನವರು ನಾವು ಕೆಲವರಿದ್ದೆವು. ಮೈಸೂರಿನ ಕಡೆ ಕಳಿಸಿ ಎಂದು ಕೇಳಿದೆವು. ಮಂಗಳೂರಿಗೆ ಮಾತ್ರ ಬಸ್ ಎಂದರು. ರಾತ್ರಿಯಿಡೀ ಘಾಟಿ ಇಳಿದು, ಮತ್ತೆ ಘಾಟಿ ಹತ್ತಿ ಮಡಿಕೇರಿಗೆ ಬರಬೇಕಿತ್ತು! ವಯಸ್ಸಾದ ಅವ್ವನಿಗೆ ಅದು ಆಗದ ಮಾತು. ನಮ್ಮ ಖರ್ಚಿನಲ್ಲೇ ಟ್ಯಾಕ್ಸಿ ಮಾಡಿಕೊಂಡು ಬಂದೆವು.

ಟ್ಯಾಕ್ಸಿ ದುಡ್ಡು ವಾಪಸ್ ಕೊಡಿ. ಆ ದಿನದ ಪೈಲಟ್‌ಗಳಿಂದ ಬೆಂಗಳೂರಿಗೆ ಹೋದದ್ದಕ್ಕೆ ವಿವರಣೆ ಕೇಳಿಲ್ಲ, ಕೇಳುವುದೂ ಇಲ್ಲ ಎಂದು ಬರೆದು ತಿಳಿಸಿ. ಮೇಲೇರಿದ್ದು ಯಾಕೆ ಎಂದು ಕನ್ನಡದಲ್ಲಿ ಪ್ರಯಾಣಿಕರಿಗೆ ಹೇಳುವುದನ್ನು ಸಿಬ್ಬಂದಿಗೆ ಕಲಿಸಿ. ಮಳೆಗಾಲದಲ್ಲಾದರೂ ಆ ಸ್ಟಾರ್ ಕೇಳುವ ಮೆಸೇಜ್ ನಿಲ್ಲಿಸಿ.

ಟಿಕೆಟ್ ಮತ್ತು ಟ್ಯಾಕ್ಸಿ ರಸೀದಿಯ ಪ್ರತಿ ಲಗತ್ತಿಸಿದ್ದೇನೆ. ಫೋನ್ ಬೇಡ, ಉತ್ತರ ಬರಹದಲ್ಲೇ ಬರಲಿ.

ಇಂತಿ,
ನಿಮ್ಮ ಪ್ರಯಾಣಿಕರು