ಓದುಗರ ಫೋಟೊಗಳು ಮಸುಕಾಗುವುದು ಯಾಕೆ?

ಸಂಪಾದಕರೇ,

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಬಂತೆಂದರೆ ಓದುಗರು ತೆಗೆದ ಫೋಟೊಗಳನ್ನು ಪತ್ರಿಕೆಗಳು ಹಾಕುತ್ತವೆ. ತುಂಬಾ ಒಳ್ಳೆಯದು. ಆದರೆ ಗಾಜಿನ ಮನೆಯ ಗುಲಾಬಿಗಳು ಎಸಳೇ ಕಾಣದಂತೆ ಕೆಂಪು ಮುದ್ದೆಯಾಗಿ, ಅಂಚೆಲ್ಲ ಚೌಕ ಚೌಕವಾಗಿ ಬಂದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟೋ ಸಲ ಇದಕ್ಕೆ ಕಾರಣ ಕ್ಯಾಮೆರಾ ಮೆನುವಿನ ಎರಡು ಸೆಟ್ಟಿಂಗ್.

ಒಂದು ಸೈಜ್, ಇನ್ನೊಂದು ಕ್ವಾಲಿಟಿ. ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಚಿತ್ರದಲ್ಲಿ ಎಷ್ಟು ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿ, ಇರಬೇಕು ಅನ್ನುವುದು ಸೈಜ್: ಲಾರ್ಜ್, ಮೀಡಿಯಂ, ಸ್ಮಾಲ್. ಫೈಲ್ ಚಿಕ್ಕದಾಗಲು ಜೆಪೆಗ್, ಅಂದರೆ ಫೋಟೊವನ್ನು ಕುಗ್ಗಿಸಿ ಉಳಿಸುವ ಮಾಮೂಲಿ ಫೈಲ್ ಬಗೆ, ಎಷ್ಟು ವಿವರ ಬಿಟ್ಟುಕೊಡಬೇಕು ಅನ್ನುವುದು ಕ್ವಾಲಿಟಿ. ನಿಕಾನ್‌ನಲ್ಲಿ ಫೈನ್, ನಾರ್ಮಲ್, ಬೇಸಿಕ್ ಅಂತಿರುತ್ತದೆ. ಫೈನ್ ಫೈಲನ್ನು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಸಿದರೆ ಬೇಸಿಕ್ ಹದಿನಾರನೇ ಒಂದಕ್ಕೆ ಇಳಿಸುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡು ಮಾಡಿಕೊಂಡು, ಒಂದೊಂದರಲ್ಲೂ ಸಣ್ಣ ವಿವರಗಳನ್ನು ಕೈಬಿಡುತ್ತದೆ, ಜಾಸ್ತಿ ಕೈಬಿಟ್ಟರೆ ಆ ತುಂಡುಗಳೇ ಕಣ್ಣಿಗೆ ಹೊಡೆಯುತ್ತವೆ. ಹೋದ ವಿವರ ವಾಪಸ್ ಬರುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಂಡು ಬೇಸಿಕ್‌ನಲ್ಲಿ ತೆಗೆದರೆ ಏನು ಬಂತು? ಕಾರ್ಡ್‌ನಲ್ಲಿ ಜಾಗ ಉಳಿಸಲೇಬೇಕಾದರೆ ಸೈಜ್ ಇಳಿಸಿ, ಕ್ವಾಲಿಟಿ ಮುಟ್ಟಬೇಡಿ. 6×4 ಇಂಚಿನ ಪ್ರಿಂಟ್‌ಗೆ 1800×1200 ಪಿಕ್ಸೆಲ್ ಸಾಕು, ಸ್ಮಾಲ್‌ನಲ್ಲೂ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಕೆಂಪು ಹೂವಿನ ಕಷ್ಟ ಬೇರೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ 256 ಹಂತ ಅಷ್ಟೇ. ಬಣ್ಣ ಗಾಢ ಮಾಡಿ ಉಳಿಸುವಾಗ ಕೆಂಪು ಕೊನೆಯ ಹಂತ ಮುಟ್ಟಿಬಿಟ್ಟರೆ ಎಸಳಿನ ನೆರಳು ಬೆಳಕೆಲ್ಲ ಒಂದೇ ಆಗಿಬಿಡುತ್ತದೆ. ಕ್ಯಾಮೆರಾ ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಹಂತಗಳಿವೆ, ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಕೂಡ ಮನೆಗೆ ಬಂದ ಮೇಲೆ ಬದಲಿಸಬಹುದು. ಎಲ್ಲವನ್ನೂ ರಾನಲ್ಲೇ ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ಫೈಲ್ ದೊಡ್ಡದು, ಆಮೇಲೆ ಕಂಪ್ಯೂಟರ್ ಮುಂದೆ ಕೂರಬೇಕು. ಆದರೆ ಹೂವಿಗೆ, ಕರಗ ಉತ್ಸವದ ರಾತ್ರಿಗೆ ರಾ ಮತ್ತು ಜೆಪೆಗ್ ಎರಡೂ ಇರಲಿ. ಬರೀ ಜೆಪೆಗ್ ಸಾಕು ಅನ್ನುವವರು ಕೆಂಪು ಹೂವಿಗೆ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಸ್ವಲ್ಪ ಇಳಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ ಅಲ್ವಾ? ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲೇ ತಲುಪುತ್ತದೆ. ಹಾಗಾಗಿ ಸಂಪಾದಕರೇ, ಮುಂದಿನ ಸಲ ಫೋಟೊ ಕಳಿಸಿ ಅಂತ ಕೇಳುವಾಗ ಫೈನ್ ಜೆಪೆಗ್ ಇರಲಿ, ಇಮೇಲ್‌ನಲ್ಲೋ ಡಾಕ್ಯುಮೆಂಟ್ ಆಗಿಯೋ ಕಳಿಸಿ ಅಂತ ಕೆಳಗೆ ಒಂದು ಸಾಲು ಸೇರಿಸಿ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು