ಹೊಸ ಚಿತ್ರ ಬರುವ ಮುನ್ನ ತೆರೆಯ ಬೆಳಕು ಅಳೆಸಿ

ಮಾನ್ಯರೇ,

ಮೆಚ್ಚಿನ ನಿರ್ದೇಶಕರ ಹೊಸ ಚಿತ್ರಕ್ಕಾಗಿ ಹಾಸನದ ಅಭಿಮಾನಿಗಳು ತುದಿಗಾಲಲ್ಲಿ ನಿಂತಿದ್ದೇವೆ. ಕತ್ತಲನ್ನೇ ಬಣ್ಣದಂತೆ ಬಳಸುವವರು ಅವರು; ಅದು ಕಾಣಬೇಕಾದರೆ ಪ್ರೊಜೆಕ್ಟರ್ ಬೆಳಕು ಸರಿಯಿರಬೇಕು. 2ಡಿ ಚಿತ್ರಕ್ಕೆ ತೆರೆಯ ನಡುವೆ 14 ಫುಟ್‌-ಲ್ಯಾಂಬರ್ಟ್ (ತೆರೆಯ ಹೊಳಪಿನ ಅಳತೆ) ಬೆಳಕು ಡಿಜಿಟಲ್ ಸಿನಿಮಾದ ಮಾನದಂಡ. ಪ್ರೊಜೆಕ್ಟರ್ ಒಳಗಿನ ಝೆನಾನ್ ದೀಪ ಹಳತಾದಂತೆ ಮಂಕಾಗುತ್ತದೆ. 3ಡಿ ಚಿತ್ರಕ್ಕೆಂದು ಹಾಕಿದ ಫಿಲ್ಟರನ್ನು 2ಡಿ ಚಿತ್ರಕ್ಕೂ ಲೆನ್ಸ್ ಮುಂದೆಯೇ ಬಿಟ್ಟರಂತೂ ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ನಿಂತುಹೋಗಿ, ರಾತ್ರಿಯ ದೃಶ್ಯದಲ್ಲಿ ನಟರ ಕಣ್ಣೇ ಕಾಣುವುದಿಲ್ಲ. ಎಷ್ಟು ಜನರ ದುಡಿಮೆ ಹಾಗೆ ವ್ಯರ್ಥವಾಗುತ್ತದೆ!

ಧ್ವನಿಯದೂ ಇದೇ ಕಥೆ. ಚಿತ್ರದ ಧ್ವನಿಗಳನ್ನು ಹೊಂದಿಸುವ ಮಿಕ್ಸಿಂಗ್ ನಡೆಯುವುದು ಫೇಡರ್ (ಧ್ವನಿ ಏರಿಳಿಸುವ ಗುಂಡಿ) 7ರ ಮಟ್ಟಕ್ಕೆ. ಜೋರಾಯಿತೆಂದು 4ಕ್ಕೆ ಇಳಿಸಿದರೆ ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ಚಿತ್ರಮಂದಿರದವರು ಬಿಡುಗಡೆಯ ಮುನ್ನಾದಿನವೇ ಮೀಟರ್‌ ಹಿಡಿದು ಬೆಳಕು ಅಳೆಸಲಿ, ಫಿಲ್ಟರ್ ಸರಿಸಲಿ, ಒಂದು ರೀಲಿನಷ್ಟಾದರೂ ಹಿಂದಿನ ಸಾಲಿನಲ್ಲಿ ಕೂತು ಕೇಳಲಿ.

– ಚಿತ್ರಾಭಿಮಾನಿಗಳು, ಹಾಸನ