ಕಟ್ಟಿದ ಬಗೆಯನ್ನೂ ಜನರಿಗೆ ತೋರಿಸಿ

ಮಾನ್ಯ ಸಂಪಾದಕರೇ,

ಶಿರಸಿಯವನಾದ ನಾನು ವಾಸ್ತುಶಿಲ್ಪದ ವಿದ್ಯಾರ್ಥಿ. ಕಳೆದ ರಜೆಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸಾಂತಾ ಮರಿಯಾ ದೆಲ್ ಫಿಯೋರೆ ಕ್ಯಾಥೆಡ್ರಲ್‌ನ ಗುಮ್ಮಟವನ್ನು ಹತ್ತುವ ಅವಕಾಶ ಒದಗಿತ್ತು. ಅಲ್ಲಿ ಕಂಡ ಒಂದು ಏರ್ಪಾಡು ನಮ್ಮ ಜಿಲ್ಲೆಗೂ ಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಫಿಲಿಪ್ಪೊ ಬ್ರೂನೆಲ್ಲೆಸ್ಕಿ 1420ರಲ್ಲಿ ಆರಂಭಿಸಿ 1436ರಲ್ಲಿ ಮುಗಿಸಿದ ಈ ಎಂಟು ಮುಖದ ಗುಮ್ಮಟದ ಅಗಲ ಸುಮಾರು 45 ಮೀಟರ್. ನಮ್ಮಲ್ಲಿ ಚಿಕ್ಕ ಕಮಾನು ಕಟ್ಟಬೇಕಾದರೂ ಮೇಸ್ತ್ರಿಗಳು ಮೊದಲು ಸೆಂಟ್ರಿಂಗ್ ಹೊಡೆಯುತ್ತಾರೆ. ನೆಲದಿಂದ 50 ಮೀಟರಿಗೂ ಮೇಲೆ ಶುರುವಾಗುವ ಇಷ್ಟು ಅಗಲದ ಗುಮ್ಮಟಕ್ಕೆ ಅಂಥ ಆಸರೆಯ ಮರ ಹೊಂದಿಸುವುದೇ ದುಸ್ಸಾಧ್ಯವಾಗಿದ್ದರಿಂದ ಆತ ಒಂದರೊಳಗೊಂದರಂತೆ ಎರಡು ಚಿಪ್ಪುಗಳನ್ನು, ಕೆಳಗಿನ ಆಸರೆಯಿಲ್ಲದೆಯೇ, ಸುತ್ತಿನ ಮೇಲೆ ಸುತ್ತು ಕಟ್ಟುತ್ತ ಹೋದ. ಹತ್ತುವವರ ದಾರಿಯಿರುವುದು ಈ ಎರಡು ಚಿಪ್ಪುಗಳ ನಡುವೆಯೇ. ಮೆಟ್ಟಿಲುಗಳು 463, ಲಿಫ್ಟ್ ಇಲ್ಲ. ಮೇಲೇರಿದಂತೆ ಗೋಡೆ ತಲೆಯ ಮೇಲೆ ವಾಲುತ್ತ ಬರುತ್ತದೆ, ಬಾಗಿಯೇ ನಡೆಯಬೇಕಾಗುತ್ತದೆ. ಗಾರೆ ಬಳಿಯದ ಆ ಗೋಡೆಯಲ್ಲಿ ಮಲಗಿಸಿದ ಇಟ್ಟಿಗೆಗಳ ನಡುನಡುವೆ ಒಂದೊಂದನ್ನು ನೆಟ್ಟಗೆ ನಿಲ್ಲಿಸಿ, ಆ ನಿಂತ ಇಟ್ಟಿಗೆಗಳ ಸಾಲು ಓರೆಯಾಗಿ ಮೇಲಕ್ಕೆ ಸಾಗುವಂತೆ ಜೋಡಿಸಿರುವುದನ್ನು ಕಾಣಬಹುದು. ಸುತ್ತು ಪೂರ್ಣಗೊಂಡು ಗಾರೆ ಗಟ್ಟಿಯಾಗುವ ತನಕ ಹೊಸ ಇಟ್ಟಿಗೆ ಒಳಗೆ ಜಾರದಂತೆ ತಡೆದದ್ದು ಈ ಹೆಣಿಗೆ. ಹೆಚ್ಚಿನವರು ತುದಿಯಿಂದ ಕಾಣುವ ಊರಿನ ನೋಟಕ್ಕಾಗಿ ಅವಸರದಲ್ಲಿರುತ್ತಾರೆ; ನನಗಂತೂ ಆ ಗೋಡೆಯೇ ಸಾಕಿತ್ತು, ಹಿಂದಿದ್ದ ಜನರ ಸಾಲು ನಿಲ್ಲಗೊಡಲಿಲ್ಲ. ಕ್ಯಾಥೆಡ್ರಲ್‌ನ ಮ್ಯೂಸಿಯಂನಲ್ಲಿ ಗುಮ್ಮಟದ ಹಳೆಯ ಮರದ ಮಾದರಿಯನ್ನೂ ಇಟ್ಟಿದ್ದಾರೆ. ಒಟ್ಟಿನಲ್ಲಿ, ಕಟ್ಟಡ ಹೇಗೆ ನಿಂತಿದೆ ಎಂಬುದು ಸಾಮಾನ್ಯ ಪ್ರವಾಸಿಗೂ ಗೊತ್ತಾಗುತ್ತದೆ.

ನಮ್ಮ ಭಟ್ಕಳದ ಖೇತಪೈ ನಾರಾಯಣ ದೇವಾಲಯವೂ ಇಂಥ ಜಾಣ್ಮೆಯ ಕಟ್ಟಡವೇ. ಕರಾವಳಿಯ ಮಳೆಗಾಗಿ ಮನೆಯ ಮಾಡಿನಂತೆ ಇಳಿಜಾರಾಗಿ ಹಾಸಿದ ಭಾರೀ ಕಲ್ಲುಚಪ್ಪಡಿಗಳು, ಇರಚಲು ತಡೆದು ಗಾಳಿ ಬಿಡುವ ಕಲ್ಲಿನ ಜಾಲಂಧ್ರದ ಗೋಡೆ, ಇವನ್ನು ನೋಡಿದವರಿಗೆ ಕೆತ್ತನೆಗಿಂತ ಮೊದಲು ಏಳುವ ಪ್ರಶ್ನೆ ಈ ಚಪ್ಪಡಿಗಳನ್ನು ಹೇಗೆ ಏರಿಸಿದರು, ಸಂದಿನಲ್ಲಿ ನೀರಿಳಿಯದಂತೆ ಹೇಗೆ ಕೂರಿಸಿದರು ಎಂಬುದು. ದೇವಾಲಯದ ಮಾಡಿನ ಮೇಲೆ ಜನರನ್ನು ಹತ್ತಿಸಿ ಎಂದು ನಾನು ಹೇಳುತ್ತಿಲ್ಲ, ಅದು ಸಲ್ಲದು. ಆದರೆ ಕಟ್ಟಡವನ್ನು ಸೀಳಿ ತೋರಿಸುವ ಒಂದು ನಕ್ಷೆಯನ್ನು ಕನ್ನಡದ ವಿವರಣೆಯೊಂದಿಗೆ ಆವರಣದ ಹೊರಗೆ ನಿಲ್ಲಿಸುವುದು, ಚಪ್ಪಡಿ ಚಪ್ಪಡಿಯಾಗಿ ಬಿಚ್ಚಿ ಜೋಡಿಸಬಹುದಾದ ಮರದ ಮಾದರಿಯೊಂದನ್ನು ಶಾಲಾ ಮಕ್ಕಳ ಕೈಗೆಟಕುವಂತೆ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮಾದರಿ ಮಾಡಲು ಶಿರಸಿ, ಕುಮಟಾ ಕಡೆಯ ಮರಗೆತ್ತನೆಯ ಗುಡಿಗಾರರಿದ್ದಾರೆ. ಅಳತೆ ತೆಗೆದು ನಕ್ಷೆ ಬರೆಯುವ ಕೆಲಸವನ್ನು ಸಂಬಂಧಪಟ್ಟ ಇಲಾಖೆಯವರು ಅನುಮತಿ ಕೊಟ್ಟರೆ ನನ್ನಂಥ ವಿದ್ಯಾರ್ಥಿಗಳು ಸಂಬಳವಿಲ್ಲದೆ ಮಾಡಿಕೊಡಲು ಸಿದ್ಧರಿದ್ದೇವೆ.

– ವಾಸ್ತುಶಿಲ್ಪ ವಿದ್ಯಾರ್ಥಿ, ಶಿರಸಿ